ಒಮ್ಮೊಮ್ಮೆ ಆರಂಭವಾಗದ ಗಣಕಯಂತ್ರ: ದೋಷ ಪತ್ತೆಗೆ ಸ್ವಯಂಚಾಲಿತ ತಪಾಸಣೆ

ಪೂರ್ಣವಾಗಿ ಕೆಟ್ಟು ನಿಂತ ಯಂತ್ರಕ್ಕಿಂತ ಆಗೊಮ್ಮೆ ಈಗೊಮ್ಮೆ ಕೈಕೊಡುವ ಯಂತ್ರವೇ ಉದ್ಯಮಿಗೆ ಹೆಚ್ಚಿನ ತಲೆನೋವು. ಕೆಟ್ಟು ನಿಂತ ಗಣಕಯಂತ್ರದ ದೋಷವನ್ನು ಪರೀಕ್ಷಿಸಿ ಗುರುತಿಸಬಹುದು. ಆದರೆ ಹತ್ತು ಬಾರಿ ಸರಿಯಾಗಿ ಆರಂಭವಾಗಿ ಹನ್ನೊಂದನೆಯ ಬಾರಿ ಪರದೆ ಕಪ್ಪಾಗಿಯೇ ಉಳಿಯುವ ಗಣಕಯಂತ್ರವು, ತಂತ್ರಜ್ಞರು ಬಂದು ಕುಳಿತಾಗ ಸುಗಮವಾಗಿಯೇ ನಡೆಯುತ್ತದೆ. ಮಾಸಿಕ ರಿಟರ್ನ್ ಸಲ್ಲಿಸುವ ವರ್ತಕರಿಗೆ ಜಿಎಸ್‌ಟಿಆರ್-1ಕ್ಕೆ ಮುಂದಿನ ತಿಂಗಳ 11, ಜಿಎಸ್‌ಟಿಆರ್-3ಬಿಗೆ 20 ಸಾಮಾನ್ಯವಾಗಿ ಕಡೆಯ ದಿನ. ಸರಕು ತುಂಬಿದ ಲಾರಿ ಇ-ವೇ ಬಿಲ್ಲಿಗಾಗಿ ಕಾಯುತ್ತಿರುವಾಗ ಗಣಕಯಂತ್ರ ಮುನಿಸಿಕೊಂಡರೆ ಆಗುವ ನಷ್ಟವನ್ನು ವಿವರಿಸಬೇಕಾಗಿಲ್ಲ. ಇಂತಹ ದೋಷವನ್ನು ಊಹೆಯಿಂದಲ್ಲ, ದಾಖಲೆಯಿಂದ ಹಿಡಿಯಬೇಕು.

ಆರಂಭದ ಹಂತಗಳು

ಗುಂಡಿ ಒತ್ತಿದೊಡನೆ ಎಸ್‌ಎಂಪಿಎಸ್ ಎಂಬ ವಿದ್ಯುತ್ ಘಟಕವು 230 ವೋಲ್ಟ್ ವಿದ್ಯುತ್ತನ್ನು 12, 5 ಹಾಗೂ 3.3 ವೋಲ್ಟ್‌ಗಳ ನೇರ ವಿದ್ಯುತ್ತಾಗಿ ಪರಿವರ್ತಿಸುತ್ತದೆ. ಇದು ಸ್ಥಿರಗೊಂಡ ಸಂಕೇತ ದೊರೆತ ಮೇಲೆಯೇ ಮದರ್‌ಬೋರ್ಡ್ ಕಾರ್ಯಾರಂಭ ಮಾಡುತ್ತದೆ. ಎರಡನೆಯ ಹಂತದಲ್ಲಿ ಬಯಾಸ್ ಅಥವಾ ಅದರ ಸ್ಥಾನಕ್ಕೆ ಬಂದಿರುವ ಯುಇಎಫ್‌ಐ ತಂತ್ರಾಂಶವು ಪ್ರೊಸೆಸರ್, ರ‍್ಯಾಮ್, ಪರದೆ ಮೊದಲಾದವನ್ನು ತಾನೇ ಪರೀಕ್ಷಿಸುತ್ತದೆ. ದೋಷ ಕಂಡರೆ ಬೀಪ್ ಶಬ್ದ ಅಥವಾ ದೀಪದ ಮೂಲಕ ಸೂಚಿಸುತ್ತದೆ. ಮೂರನೆಯ ಹಂತದಲ್ಲಿ ಡಿಸ್ಕಿನಿಂದ ವಿಂಡೋಸ್ ಓದಿಕೊಳ್ಳಲ್ಪಡುತ್ತದೆ. ಕೊನೆಯದಾಗಿ ವೈರಸ್ ನಿರೋಧಕ, ಲೆಕ್ಕಪತ್ರ ತಂತ್ರಾಂಶ ಮುಂತಾದವು ಸಿದ್ಧವಾಗುತ್ತವೆ. ಯಂತ್ರ ಯಾವ ಹಂತದಲ್ಲಿ ನಿಂತಿತು ಎಂಬುದು ತಿಳಿದರೆ ಅರ್ಧ ಉತ್ತರ ದೊರೆತಂತೆಯೇ.

ತಾನೇ ಬರೆದಿಡುವ ದಿನಚರಿ

ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಲ್ಲಿ, ಪ್ರತಿ ಆರಂಭದಲ್ಲಿಯೂ ಒಂದು ಸಣ್ಣ ಪ್ರೋಗ್ರಾಂ ತಾನಾಗಿಯೇ ನಡೆಯುವಂತೆ ವ್ಯವಸ್ಥೆ ಮಾಡಬಹುದು. ನಿಮ್ಮ ತಂತ್ರಜ್ಞರಿಗೆ ಇದು ಹೆಚ್ಚಿನ ಶ್ರಮದ ಕೆಲಸವಲ್ಲ. ಅದು ಕೆಳಗಿನ ಐದು ಅಂಶಗಳನ್ನು ಒಂದು ಕಡತದಲ್ಲಿ ಸಾಲಾಗಿ ಬರೆಯಬೇಕು.

1. ದಿನಾಂಕ ಮತ್ತು ಸಮಯ. ಹಿಂದಿನ ಸಾಲಿಗಿಂತ ಹಳೆಯ ದಿನಾಂಕ ಕಂಡುಬಂದರೆ ಮದರ್‌ಬೋರ್ಡಿನ 3 ವೋಲ್ಟ್ ಗುಂಡಿ ಬ್ಯಾಟರಿ ಸವೆದಿರುವ ಸಾಧ್ಯತೆ ಹೆಚ್ಚು. ಸಾಮಾನ್ಯವಾಗಿ ಇದು ಸಿಆರ್2032 ಮಾದರಿಯದು. ದಿನಾಂಕ ತಪ್ಪಿದ್ದರೆ ಸುರಕ್ಷಿತ ಜಾಲತಾಣಗಳೂ ತೆರೆಯಲು ನಿರಾಕರಿಸುತ್ತವೆ.

2. ಹಿಂದಿನ ಬಾರಿ ಯಂತ್ರ ಕ್ರಮವಾಗಿ ಮುಚ್ಚಲ್ಪಟ್ಟಿತೇ ಎಂಬುದು. ವಿಂಡೋಸ್‌ನ ಈವೆಂಟ್ ವ್ಯೂಯರ್‌ನಲ್ಲಿ 41 ಅಥವಾ 6008 ಸಂಖ್ಯೆಯ ನಮೂದು ಇದ್ದರೆ ಯಂತ್ರ ಹಠಾತ್ತನೆ ನಿಂತಿದೆ ಎಂದರ್ಥ. ಕಾರಣವನ್ನು ಈ ನಮೂದು ಹೇಳುವುದಿಲ್ಲ.

3. ಗುರುತಿಸಲ್ಪಟ್ಟ ರ‍್ಯಾಮ್ ಪ್ರಮಾಣ. 8 ಜಿಬಿ ಇರುವೆಡೆ ಕೆಲವೊಮ್ಮೆ 4 ಜಿಬಿ ಮಾತ್ರ ಕಂಡರೆ ರ‍್ಯಾಮ್ ಪಟ್ಟಿಯ ಸಂಪರ್ಕ ಸಡಿಲವಾಗಿರಬಹುದು, ಇಲ್ಲವೆ ಪಟ್ಟಿಯೇ ದೋಷಯುಕ್ತವಾಗಿರಬಹುದು.

4. ಹಾರ್ಡ್ ಡಿಸ್ಕಿನ ಸ್ಮಾರ್ಟ್ ವರದಿಯ 5 ಮತ್ತು 197ನೇ ಅಂಶಗಳು. ಮೊದಲನೆಯದು ಕೆಟ್ಟು ಬದಲಾಯಿಸಲ್ಪಟ್ಟ ಭಾಗಗಳ ಎಣಿಕೆ, ಎರಡನೆಯದು ಓದಲು ತೊಡಕಾಗಿ ಬಾಕಿ ಉಳಿದ ಭಾಗಗಳ ಎಣಿಕೆ. ಇವು ಏರುತ್ತಿದ್ದರೆ ಡಿಸ್ಕ್ ಬದಲಾಯಿಸಲು ತಡಮಾಡಬಾರದು.

5. ಆರಂಭಕ್ಕೆ ಹಿಡಿದ ಸಮಯ, ಮತ್ತು ಲೆಕ್ಕಪತ್ರವಿರುವ ಸರ್ವರ್ ಸಂಪರ್ಕಕ್ಕೆ ಸಿಕ್ಕಿತೇ ಎಂಬುದು.

ವಿಂಡೋಸ್ 8ರಿಂದೀಚೆಗೆ ಬಂದಿರುವ ಫಾಸ್ಟ್ ಸ್ಟಾರ್ಟಪ್ ಸೌಲಭ್ಯವನ್ನು ಪರೀಕ್ಷಾ ಅವಧಿಯಲ್ಲಿ ನಿಲ್ಲಿಸಿಡುವುದು ಒಳಿತು. ಅದು ವ್ಯವಸ್ಥೆಯ ಒಂದು ಭಾಗವನ್ನು ಡಿಸ್ಕಿನಲ್ಲಿ ಉಳಿಸಿಟ್ಟು ಮರಳಿ ತರುವುದರಿಂದ, ಯಂತ್ರವನ್ನು ಮುಚ್ಚಿ ತೆರೆದರೂ ಅದು ಪೂರ್ಣ ಆರಂಭವಾಗಿರುವುದಿಲ್ಲ.

ಕಾಗದದ ಪುಸ್ತಕವೂ ಬೇಕು

ಈ ತಪಾಸಣೆಗೆ ಒಂದು ಮಿತಿಯಿದೆ. ವಿಂಡೋಸ್‌ವರೆಗೆ ತಲುಪದ ಆರಂಭವನ್ನು ವಿಂಡೋಸ್‌ನೊಳಗಿನ ಪ್ರೋಗ್ರಾಂ ದಾಖಲಿಸಲಾರದು. ಆದ್ದರಿಂದ ಯಂತ್ರದ ಪಕ್ಕದಲ್ಲಿ ಒಂದು ನೋಟ್‌ಬುಕ್ ಇರಲಿ. ಗುಂಡಿ ಒತ್ತಿದಾಗ ಫ್ಯಾನ್ ತಿರುಗಿತೇ, ಬೀಪ್ ಎಷ್ಟು ಬಾರಿ ಬಂದಿತು, ಪರದೆಯಲ್ಲಿ ಏನಿತ್ತು, ಎಷ್ಟನೆಯ ಪ್ರಯತ್ನದಲ್ಲಿ ಆರಂಭವಾಯಿತು ಎಂಬುದನ್ನು ಸಿಬ್ಬಂದಿ ಬರೆದಿಡಲಿ. ಬೀಪ್‌ಗಳ ಅರ್ಥ ತಯಾರಕರಿಂದ ತಯಾರಕರಿಗೆ ಬದಲಾಗುವುದರಿಂದ ಮದರ್‌ಬೋರ್ಡಿನ ಕೈಪಿಡಿಯನ್ನು ನೋಡಬೇಕು.

ದಾಖಲೆಯನ್ನು ಓದುವ ಬಗೆ

ಉದಾಹರಣೆಗೆ, ಒಂದು ತಿಂಗಳ ದಾಖಲೆಯಲ್ಲಿ ತೊಂದರೆಗಳೆಲ್ಲ ಸೋಮವಾರವೇ ಬಂದಿವೆ ಎನ್ನೋಣ. ಭಾನುವಾರ ಮೇನ್ ಸ್ವಿಚ್ ಆರಿಸುವ ರೂಢಿಯಿದ್ದು, ದಿನಾಂಕವೂ ಹಿಂದಕ್ಕೆ ಹೋಗಿದ್ದರೆ ಗುಂಡಿ ಬ್ಯಾಟರಿಯನ್ನು ಮೊದಲು ಬದಲಾಯಿಸಬೇಕು. ದಿನಾಂಕ ಸರಿಯಾಗಿದ್ದು, ಎರಡು ಮೂರು ಪ್ರಯತ್ನಗಳ ನಂತರ ಯಂತ್ರ ಚೇತರಿಸಿಕೊಳ್ಳುತ್ತಿದ್ದರೆ ಎಸ್‌ಎಂಪಿಎಸ್ ಅಥವಾ ಮದರ್‌ಬೋರ್ಡಿನ ಹಳೆಯ ಕೆಪಾಸಿಟರ್‌ಗಳತ್ತ ಸಂದೇಹ ತಿರುಗುತ್ತದೆ. ಹಠಾತ್ ನಿಲುಗಡೆಗಳು ವಿದ್ಯುತ್ ಹೋದ ವೇಳೆಗೇ ಹೊಂದಿಕೊಂಡರೆ ಯುಪಿಎಸ್ ಬ್ಯಾಟರಿಯನ್ನು ಪರೀಕ್ಷಿಸಬೇಕು. ರ‍್ಯಾಮ್ ಮೇಲೆ ಅನುಮಾನವಿದ್ದರೆ ವಿಂಡೋಸ್‌ನಲ್ಲಿಯೇ ಇರುವ ಮೆಮೊರಿ ಡಯಾಗ್ನಾಸ್ಟಿಕ್ ಪರೀಕ್ಷೆಯನ್ನು ರಾತ್ರಿ ನಡೆಸಬಹುದು.

ಒಮ್ಮೆಗೆ ಒಂದೇ ಬದಲಾವಣೆ ಮಾಡಿರಿ. ಬ್ಯಾಟರಿ, ರ‍್ಯಾಮ್, ಎಸ್‌ಎಂಪಿಎಸ್ ಮೂರನ್ನೂ ಒಟ್ಟಿಗೆ ಬದಲಾಯಿಸಿದರೆ ದೋಷ ಯಾವುದರಲ್ಲಿತ್ತು ಎಂಬುದು ತಿಳಿಯದೆ, ಹಣ ಮಾತ್ರ ವ್ಯಯವಾಗುತ್ತದೆ.

ಸರಿಯಾಯಿತೆಂದು ಯಾವಾಗ ನಂಬಬೇಕು?

ದುರಸ್ತಿಯ ಮರುದಿನ ಯಂತ್ರ ಆರಂಭವಾದೊಡನೆ ಬಿಲ್ ಪಾವತಿಸಿ ನಿಶ್ಚಿಂತರಾಗುವುದು ಸರಿಯಲ್ಲ. ಹತ್ತಕ್ಕೆ ಒಂದು ಬಾರಿ ಬರುವ ದೋಷ ಹಾಗೆಯೇ ಉಳಿದಿದ್ದರೂ, ಹತ್ತು ಆರಂಭಗಳು ನಿರಾತಂಕವಾಗಿ ನಡೆಯುವ ಸಂಭವ ಶೇ. 35ರಷ್ಟಿದೆ. ಮೂವತ್ತು ಆರಂಭಗಳಾದರೆ ಆ ಸಂಭವ ಶೇ. 4ರ ಆಸುಪಾಸಿಗೆ ಇಳಿಯುತ್ತದೆ. ಆದ್ದರಿಂದ ದೋಷ ಎಷ್ಟು ಆರಂಭಗಳಿಗೊಮ್ಮೆ ಬರುತ್ತಿತ್ತೋ ಅದರ ಮೂರು ಪಟ್ಟು ಆರಂಭಗಳು ನಿರ್ವಿಘ್ನವಾಗಿ ಮುಗಿಯುವವರೆಗೆ ದಾಖಲೆಯನ್ನು ಮುಂದುವರಿಸಬೇಕು.

ಇವೆಲ್ಲಕ್ಕೂ ಮುನ್ನ ಲೆಕ್ಕಪತ್ರಗಳ ಪ್ರತಿಯೊಂದನ್ನು ಬೇರೆ ಡಿಸ್ಕಿನಲ್ಲಿ ತೆಗೆದಿರಿಸಿ, ಅದು ತೆರೆಯುತ್ತದೆಯೇ ಎಂದು ಪರೀಕ್ಷಿಸಿಕೊಳ್ಳಬೇಕು. ತಪಾಸಣೆಯ ಕಡತವನ್ನೂ ಬೇರೊಂದು ಗಣಕಯಂತ್ರಕ್ಕೆ ನಕಲಾಗುವಂತೆ ಮಾಡಿರಿ; ರೋಗಿಯ ಬಳಿಯೇ ಇರುವ ಚೀಟಿ ರೋಗಿಯೊಡನೆಯೇ ಕಳೆದುಹೋಗಬಾರದು. ಒಂದು ತಿಂಗಳ ದಾಖಲೆಯನ್ನು ಮುಂದಿಟ್ಟರೆ ತಂತ್ರಜ್ಞರ ಕೆಲಸ ಹಗುರವಾಗುತ್ತದೆ. ಕೆಲವೇ ರೂಪಾಯಿಗಳ ಬ್ಯಾಟರಿ ಸಾಕಾಗುವಲ್ಲಿ ಹೊಸ ಮದರ್‌ಬೋರ್ಡ್ ಕೊಳ್ಳುವ ಪ್ರಸಂಗವೂ ತಪ್ಪುತ್ತದೆ.