ಓಪನ್‌ನಿಂದ ಕ್ಲೋಸ್‌ವರೆಗಿನ ಅಂತರ

ಉತ್ತರ ಕರ್ನಾಟಕದ ಮಟ್ಕಾ ಪ್ರಕರಣಗಳ ಎಫ್‌ಐಆರ್ ತೆಗೆದು ನೋಡಿ, ಒಕ್ಕಣೆ ಹೆಚ್ಚುಕಡಿಮೆ ಒಂದೇ. ಆರೋಪಿಯು ಸಾರ್ವಜನಿಕ ಸ್ಥಳದಲ್ಲಿ ನಿಂತು, ಒಂದು ರೂಪಾಯಿಗೆ 80 ರೂಪಾಯಿ ಕೊಡುವುದಾಗಿ ಕೂಗಿ, ಜನರಿಂದ ಹಣ ಪಡೆದು ಅಂಕಿ ಬರೆದ ಚೀಟಿ ಕೊಡುತ್ತಿದ್ದನು. ಆತನಿಂದ ಇಷ್ಟು ನಗದು, ಒಂದು ಓಸಿ (ಓಪನ್-ಕ್ಲೋಸ್) ಚೀಟಿ, ಒಂದು ಬಾಲ್‌ಪೆನ್ನು ಜಪ್ತಿ ಮಾಡಲಾಯಿತು. ಕರ್ನಾಟಕ ಪೊಲೀಸ್ ಕಾಯ್ದೆ 1963, ಕಲಂ 78(3). ಬಾಲ್‌ಪೆನ್ನನ್ನೂ ಬಿಡದೆ ದಾಖಲಿಸುವ ಈ ಶಿಸ್ತಿನ ನಡುವೆ ಆಟದ ಇಡೀ ಗಣಿತ ಆ 80ರಲ್ಲಿ ಕೂತಿದೆ.

ಜೋಡಿ ಅಂಕಿ 00ರಿಂದ 99ರವರೆಗೆ ಒಟ್ಟು ನೂರು. ಎಲ್ಲಕ್ಕೂ ಒಂದೊಂದು ರೂಪಾಯಿ ಹಚ್ಚಿದರೆ ನೂರು ಹೋಗಿ ಎಂಬತ್ತು ಬರುತ್ತದೆ. ಅಂದರೆ ಹಚ್ಚಿದ ಪ್ರತಿ ರೂಪಾಯಿಯಲ್ಲಿ ಸರಾಸರಿ 20 ಪೈಸೆ ಬುಕ್ಕಿಯ ಜೇಬಿಗೆ. ಇದನ್ನು ತಿಳಿಯಲು ದೊಡ್ಡ ಓದು ಬೇಕಿಲ್ಲ. ಆಡುವವರಿಗೂ ಇದು ಗೊತ್ತು. ಹುಬ್ಬಳ್ಳಿ ಪೇಟೆಯಲ್ಲಿ ದಿನವಿಡೀ ಬಡ್ಡಿ, ದಲಾಲಿ, ತೂಕದ ಲೆಕ್ಕ ಹಾಕುವವರೂ ಸಂಜೆ ಜೋಡಿ ಬರೆಸುತ್ತಾರೆ. ಹಾಗಾದರೆ ಅವರು ಕೊಳ್ಳುತ್ತಿರುವುದಾದರೂ ಏನನ್ನು?

ಮಟ್ಕಾದ ಮೂಲ ಹತ್ತಿ ವ್ಯಾಪಾರದಲ್ಲಿದೆ. ನ್ಯೂಯಾರ್ಕಿನ ಹತ್ತಿ ಮಾರುಕಟ್ಟೆ ತೆರೆದಾಗಿನ ದರ, ಮುಚ್ಚಿದಾಗಿನ ದರ ತಂತಿಯಲ್ಲಿ ಮುಂಬಯಿಗೆ ಬರುತ್ತಿದ್ದವು. ಆ ದರಗಳ ಮೇಲೆ ಬಾಜಿ ಕಟ್ಟುತ್ತಿದ್ದರು. 1961ರಲ್ಲಿ ಆ ದರ ಬರುವುದು ನಿಂತಿತು. ಕಲ್ಯಾಣಜಿ ಭಗತ್, ರತನ್ ಖತ್ರಿ ಎಂಬವರು ಮಡಕೆಯಿಂದ ಚೀಟಿ, ಆಮೇಲೆ ಇಸ್ಪೀಟು ಎಲೆ ಎತ್ತುವ ಪದ್ಧತಿ ತಂದರು. ಹತ್ತಿ ಹೋಯಿತು, ಜೋಡಿಯ ಎರಡು ಅಂಕಿಗಳ ಹೆಸರಾಗಿ ಓಪನ್ ಮತ್ತು ಕ್ಲೋಸ್ ಉಳಿದವು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಬೆಲೆ ಏರಿ ಕುಣಿದಾಡಿದ ‘ಧಾರವಾಡ ಅಮೆರಿಕನ್’ ಹತ್ತಿಯ ಸೀಮೆ ಇದು. ದೂರದೂರಿನ ದರಕ್ಕೆ ಕಿವಿಗೊಟ್ಟು ಕಾಯುವುದು ಇಲ್ಲಿನವರಿಗೆ ಹೊಸತೇನಲ್ಲ.

ಆಟದ ರುಚಿ ಇರುವುದು ಆ ಕಾಯುವಿಕೆಯಲ್ಲೇ. ವುಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಕೋತಿಗಳ ಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಸ್ರವಿಸುವ ನರಕೋಶಗಳ ಮಿಡಿತವನ್ನು ದಾಖಲಿಸಿದರು. ಕೋತಿಗೆ ಅನಿರೀಕ್ಷಿತವಾಗಿ ಹಣ್ಣಿನ ರಸ ಸಿಕ್ಕರೆ ಆ ಕೋಶಗಳು ಜೋರಾಗಿ ಮಿಡಿಯುತ್ತವೆ. ರಸಕ್ಕೆ ಮೊದಲು ಪ್ರತಿಸಲ ಒಂದು ಸೂಚನೆ ಕೊಟ್ಟು ರೂಢಿ ಮಾಡಿಸಿದರೆ ಮಿಡಿತ ಸೂಚನೆಗೇ ಸರಿಯುತ್ತದೆ. ರಸ ಬಂದಾಗ ಅವು ತೆಪ್ಪಗಿರುತ್ತವೆ. 2003ರಲ್ಲಿ ಅವರ ತಂಡ ಇನ್ನೊಂದು ವಿಚಿತ್ರ ಕಂಡಿತು. ರಸ ಸಿಗುವ ಸಾಧ್ಯತೆ ಸರಿಯಾಗಿ ಅರ್ಧಕ್ಕರ್ಧ ಇದ್ದಾಗ, ಸೂಚನೆಯಿಂದ ಫಲಿತಾಂಶದವರೆಗೂ ಮಿಡಿತ ನಿಧಾನಕ್ಕೆ ಏರುತ್ತಲೇ ಹೋಯಿತು. ಖಂಡಿತ ಸಿಗುತ್ತದೆ ಅಥವಾ ಖಂಡಿತ ಸಿಗುವುದಿಲ್ಲ ಎಂದಾಗ ಆ ಏರಿಕೆ ಇರಲಿಲ್ಲ.

ಇನ್ನೊಂದು ಸಾಕ್ಷಿ ಆಸ್ಪತ್ರೆಯಿಂದಲೇ ಬಂತು. ಪಾರ್ಕಿನ್ಸನ್ ಕಾಯಿಲೆಗೆ ಡೋಪಮಿನ್‌ನಂತೆಯೇ ಕೆಲಸ ಮಾಡುವ ಮಾತ್ರೆ ಕೊಡುತ್ತಾರೆ. ಅಮೆರಿಕದ ಮೇಯೊ ಕ್ಲಿನಿಕ್ಕಿನ ವೈದ್ಯರು 2005ರಲ್ಲಿ ಇಂಥ ಮಾತ್ರೆ ನುಂಗುತ್ತಿದ್ದ 11 ರೋಗಿಗಳು ವಿಪರೀತ ಜೂಜಿಗೆ ಬಿದ್ದ ವರದಿ ಪ್ರಕಟಿಸಿದರು. ಮಾತ್ರೆ ನಿಲ್ಲಿಸಿದ ಅಥವಾ ಕಡಿಮೆ ಮಾಡಿದ ಹಲವರಲ್ಲಿ ಚಟವೂ ಇಳಿಯಿತು. ‘ಮನಸ್ಸು ಗಟ್ಟಿ ಮಾಡಿದರೆ ಎಲ್ಲ ಬಿಡಬಹುದು’ ಎಂದು ಕಟ್ಟೆಯ ಮೇಲೆ ಕೂತು ತೀರ್ಪು ಕೊಡುವವರು ಈ ವರದಿಯನ್ನೊಮ್ಮೆ ಓದಬೇಕು.

ಸೋತಮೇಲೂ ಯಾಕೆ ಆಡುತ್ತಾರೆ ಎಂಬುದಕ್ಕೂ ಒಂದಿಷ್ಟು ಉತ್ತರ ಸಿಕ್ಕಿದೆ. 47 ಬರೆಸಿದವನಿಗೆ 46 ಬಿದ್ದಾಗ ಅವನು ಹೇಳುವುದು, ‘ಒಂದ ನಂಬರಿಗೆ ತಪ್ತು ನೋಡ್ರಿ!’ ಗಣಿತದ ದೃಷ್ಟಿಯಲ್ಲಿ 46 ಬಿದ್ದರೂ 12 ಬಿದ್ದರೂ ಸೋಲು ಸೋಲೇ. ಮೆದುಳಿಗೆ ಹಾಗಲ್ಲ. ಕೇಂಬ್ರಿಜ್‌ನಲ್ಲಿದ್ದ ಲ್ಯೂಕ್ ಕ್ಲಾರ್ಕ್ ಮತ್ತು ಸಂಗಡಿಗರು 2009ರಲ್ಲಿ ತೋರಿಸಿದಂತೆ, ಕೂದಲೆಳೆಯಲ್ಲಿ ತಪ್ಪಿದ ಸೋಲು ಗೆಲುವಿಗೆ ಸ್ಪಂದಿಸುವ ಮೆದುಳಿನ ಭಾಗಗಳನ್ನೇ ಕೆಣಕುತ್ತದೆ. ಅದು ಬೇಸರ ತರುತ್ತದೆ, ಜೊತೆಗೆ ಮತ್ತೊಮ್ಮೆ ಆಡುವ ಆಸೆಯನ್ನೂ ಹೆಚ್ಚಿಸುತ್ತದೆ. ಆಮೇಲೆ ಶುರುವಾಗುವುದೇ ‘ಹೋದ ರೊಕ್ಕ ಹೊಳ್ಳಿ ತೆಗೀಬೇಕು’ ಎಂಬ ಹಟ. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಜೂಜಿನ ಗೀಳನ್ನು ಮದ್ಯವ್ಯಸನದ ಸಾಲಿಗೆ ಸೇರಿಸಿತು. ಅದನ್ನು ಗುರುತಿಸುವ ಒಂಬತ್ತು ಲಕ್ಷಣಗಳಲ್ಲಿ ಈ ಹಟವೂ ಒಂದು.

ಆದರೂ ಎಲ್ಲ ಜೂಜೂ ಒಂದೇ ಅಲ್ಲ. ನಾಗರಪಂಚಮಿಗೆ ನಮ್ಮ ಹಳ್ಳಿಗಳಲ್ಲಿ ಲಿಂಬೆಹಣ್ಣು ಎಸೆಯುವ ಬಾಜಿ ನಡೆಯುತ್ತದೆ. ಇಲ್ಲಿಂದ ಹನುಮಪ್ಪನ ಗುಡಿಗೆ ಇಷ್ಟೇ ಎಸೆತದಲ್ಲಿ ಮುಟ್ಟಿಸುತ್ತೇನೆ ಎಂದು ಒಬ್ಬ ತೊಡೆ ತಟ್ಟುತ್ತಾನೆ. ಊರಿಗೆ ಊರೇ ಹಿಂದೆ ನಡೆಯುತ್ತದೆ. ತೀರ್ಮಾನಕ್ಕೆ ಹೊತ್ತು ಹಿಡಿಯುತ್ತದೆ, ರಟ್ಟೆ ಸೋಲುತ್ತದೆ, ಹಬ್ಬ ಮುಗಿದರೆ ಬಾಜಿಯೂ ಮುಗಿಯಿತು. ಮಟ್ಕಾದಲ್ಲಿ ಚೀಟಿಗೂ ಫಲಿತಾಂಶಕ್ಕೂ ನಡುವೆ ಕೆಲವು ತಾಸು. ಫೋನಿನಲ್ಲಿ ವಿಮಾನ ಏರಿಸುವ ಆಟದಲ್ಲಿ ಕೆಲವೇ ಸೆಕೆಂಡು, ಅದೂ ನಡುರಾತ್ರಿ ಹೊದಿಕೆಯೊಳಗೆ. ಬಾಜಿಗೂ ಫಲಿತಾಂಶಕ್ಕೂ ನಡುವಿನ ಅಂತರ ಕುಗ್ಗಿದಷ್ಟೂ ಹಾನಿ ಹೆಚ್ಚು ಎಂಬುದು ಈ ಕ್ಷೇತ್ರದಲ್ಲಿ ಗಟ್ಟಿಯಾಗಿ ನಿಂತಿರುವ ಮಾತು. 2024ರ ಲ್ಯಾನ್ಸೆಟ್ ಆಯೋಗದ ವರದಿ ಆನ್‌ಲೈನ್ ಕ್ಯಾಸಿನೊ ಮತ್ತು ಸ್ಲಾಟ್ ಮಾದರಿಯ ಆಟಗಳನ್ನು ಆಡುವ ವಯಸ್ಕರಲ್ಲಿ ಸುಮಾರು ಶೇಕಡಾ 16, ಹದಿಹರೆಯದವರಲ್ಲಿ ಶೇಕಡಾ 26 ಮಂದಿಗೆ ಗೀಳು ಅಂಟಿರಬಹುದು ಎಂದು ಅಂದಾಜಿಸಿದೆ. ಕಾಲೇಜುಗಳೇ ತುಂಬಿರುವ ಧಾರವಾಡಕ್ಕೆ ಎರಡನೆಯ ಅಂಕಿ ಹೆಚ್ಚು ಹತ್ತಿರದ್ದು.

ಕಾನೂನು ಓಡುತ್ತಲೇ ಇದೆ. ಕರ್ನಾಟಕ 2007ರಲ್ಲಿ ಲಾಟರಿ ನಿಲ್ಲಿಸಿತು. ಆನ್‌ಲೈನ್ ಹಣದಾಟದ ಮೇಲೆ 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಮರುವರ್ಷ ಫೆಬ್ರುವರಿಯಲ್ಲಿ ಹೈಕೋರ್ಟ್ ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣದ ಆನ್‌ಲೈನ್ ಆಟಗಳನ್ನೇ ನಿಷೇಧಿಸುವ ಕಾಯ್ದೆ ಮಾಡಿತು. ಇದರಲ್ಲಿ ನನಗೆ ಮೆಚ್ಚುಗೆಯಾದದ್ದು, ಶಿಕ್ಷೆ ಆಡಿಸುವವರಿಗೆ ಮತ್ತು ಜಾಹೀರಾತು ಮಾಡುವವರಿಗೆ, ಆಡುವವನಿಗಲ್ಲ. ತಪ್ಪಿತಸ್ಥನೆಂಬ ಹಣೆಪಟ್ಟಿ ಇದ್ದವನು ವೈದ್ಯರ ಬಾಗಿಲಿಗೆ ಬರುವುದಿಲ್ಲ.

ಬರದಿರುವುದಕ್ಕೆ ಧಾರವಾಡದಲ್ಲಿ ಇನ್ನೊಂದು ಕಾರಣವೂ ಇದೆ. ಬೆಳಗಾವಿ ರಸ್ತೆಯ ಡಿಮ್ಹಾನ್ಸ್, ಅಂದರೆ ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಹತ್ತೊಂಬತ್ತನೇ ಶತಮಾನದ ಹುಚ್ಚಾಸ್ಪತ್ರೆಯಾಗಿ ಶುರುವಾದದ್ದು. ಈ ಸೀಮೆಯಲ್ಲಿ ‘ಇವನ್ನ ಧಾರವಾಡಕ್ಕ ಕಳಸ್ಬೇಕು’ ಎಂಬ ಕುಹಕ ಇವತ್ತಿಗೂ ಚಾಲ್ತಿಯಲ್ಲಿದೆ. ಸಾಲಗಾರರಿಗೆ ಹೆದರದವನೂ ಆ ಗೇಟಿನಲ್ಲಿ ಪರಿಚಯದವರು ಕಂಡಾರೆಂದು ಹೆದರುತ್ತಾನೆ. ಅಂಥವರು ಕೆಲವು ತಾಲೂಕಾಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ‘ಮನೋಚೈತನ್ಯ’ ಚಿಕಿತ್ಸಾಲಯಕ್ಕೆ ಹೋಗಬಹುದು, ಅಥವಾ 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ ಅದು. ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ಚಿಕಿತ್ಸೆ ಎಂದರೆ ಮುಖ್ಯವಾಗಿ ಮಾತು. ಜೂಜಿಗೆಂದೇ ಮಂಜೂರಾದ ಮಾತ್ರೆ ಇನ್ನೂ ಇಲ್ಲ. ಆದರೂ ನಾಲ್ಟ್ರೆಕ್ಸೋನ್ ಎಂಬ ಮಾತ್ರೆ ಕೆಲವರಿಗೆ ನೆರವಾಗಿದೆ. ಆಡುವ ಆಸೆ ಯಾವ ಹೊತ್ತಿಗೆ, ಯಾರ ಜೊತೆ, ಕೈಯಲ್ಲಿ ಎಷ್ಟಿದ್ದಾಗ ಬರುತ್ತದೆ ಎಂದು ಬಿಡಿಸಿ ನೋಡುತ್ತಾರೆ. ‘ಮೂರು ದಿನದಿಂದ ಈ ಅಂಕಿ ಬಿದ್ದಿಲ್ಲ, ಇವತ್ತು ಬೀಳಲೇಬೇಕು’ ಎಂಬಂಥ ನಂಬಿಕೆಗಳನ್ನು ಕೆದಕುತ್ತಾರೆ. (1913ರಲ್ಲಿ ಮಾಂಟೆಕಾರ್ಲೊದ ರೂಲೆಟ್ ಮೇಜಿನಲ್ಲಿ ಸತತ 26 ಸಲ ಕಪ್ಪು ಬಿತ್ತು, ಇನ್ನು ಕೆಂಪೇ ಎಂದು ಹಚ್ಚುತ್ತ ಹೋದವರು ಬರಿಗೈಯಲ್ಲಿ ಮನೆಗೆ ಹೋದರು.) ಜೊತೆಗೆ ಹಣದ ಹರಿವನ್ನೇ ನಿಧಾನ ಮಾಡುವ ಉಪಾಯಗಳು: ಬ್ಯಾಂಕಿಗೆ ಹೇಳಿ ಯುಪಿಐ ದೈನಿಕ ಮಿತಿಯನ್ನು ಕೆಲವು ನೂರಕ್ಕೆ ಇಳಿಸುವುದು, ಸಂಬಳದ ಖಾತೆಯ ಕಾರ್ಡನ್ನು ಮನೆಯವರ ಕೈಗೆ ಕೊಡುವುದು. ಆಸೆ ಅಲೆಯಾಗಿ ಬಂದು ಇಳಿಯುತ್ತದೆ. ಅದು ಇಳಿಯುವವರೆಗೆ ದುಡ್ಡು ಕೈಗೆ ಸಿಗದಿದ್ದರೆ ಅಷ್ಟೇ ದೊಡ್ಡ ಲಾಭ. ನಾರ್ವೆ ಇದನ್ನೇ ಇಡೀ ದೇಶದ ಮಟ್ಟದಲ್ಲಿ ಮಾಡಿತು: 2007ರಲ್ಲಿ ಸ್ಲಾಟ್ ಯಂತ್ರಗಳನ್ನು ಎತ್ತಿಹಾಕಿ, ಮುಂದೆ ಕಾರ್ಡ್ ಮತ್ತು ನಷ್ಟದ ಮಿತಿ ಇರುವ ನಿಧಾನದ ಯಂತ್ರಗಳನ್ನಷ್ಟೇ ಬಿಟ್ಟಿತು.

ಒಬ್ಬನ ಗೀಳು ಸರಾಸರಿ ಇನ್ನಾರು ಜನರನ್ನು ತಟ್ಟುತ್ತದೆಂದು ಆಸ್ಟ್ರೇಲಿಯಾದ ಅಧ್ಯಯನವೊಂದು ಲೆಕ್ಕ ಹಾಕಿದೆ. ನಮ್ಮಲ್ಲಿ ಆ ಆರರಲ್ಲಿ ಮೊದಲಿಗಳು ಹೆಂಡತಿ ಅಥವಾ ತಾಯಿ. ‘ಇದೊಂದ್ ಸಲ ತೀರಿಸಿಬಿಡು, ಇನ್ನ ಮುಟ್ಟಂಗಿಲ್ಲ’ ಎಂದಾಗ ಆಕೆ ಬೋರಮಾಳ ಅಡವಿಡುತ್ತಾಳೆ, ತನ್ನ ಹೆಸರಲ್ಲಿ ಸಂಘದ ಸಾಲ ಎತ್ತುತ್ತಾಳೆ. ಬೇಡ. ಸಾಲ ತೀರಿದ ನೆಮ್ಮದಿಯಲ್ಲೇ ಮುಂದಿನ ಬಾಜಿಗೆ ಜಾಗ ತೆರೆಯುತ್ತದೆ. ಹಾಗೆಂದು ಬೈದು ಹೊರಗೆ ಹಾಕುವುದೂ ಬೇಡ. ಗೀಳಿನಿಂದ ಚಿಕಿತ್ಸೆಗೆ ಬಂದವರಲ್ಲಿ ಆತ್ಮಹತ್ಯೆಯ ಪ್ರಮಾಣ ಸಾಮಾನ್ಯರಿಗಿಂತ ಸುಮಾರು 15 ಪಟ್ಟು ಹೆಚ್ಚಿದ್ದುದನ್ನು ಸ್ವೀಡನ್ನಿನ 2018ರ ಅಧ್ಯಯನ ಕಂಡಿದೆ. ಸಾಲ ಬಯಲಾದ ದಿನಗಳಲ್ಲಿ ಅವನನ್ನು ಒಂಟಿಯಾಗಿ ಬಿಡಬಾರದು.

ಮಾಡಬೇಕಾದ್ದು ಬೇರೆ: ಕೈಸಾಲ, ಆ್ಯಪ್ ಸಾಲ, ಬಂಗಾರ, ಸಂಘ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದು, ಕಂತುಗಳನ್ನು ಅವನ ಕೈಗೆ ಕೊಡದೆ ನೇರ ಸಾಲ ಕೊಟ್ಟವರಿಗೆ ಕಟ್ಟುವುದು. ಅವನು ಆಸ್ಪತ್ರೆಗೆ ಒಪ್ಪದಿದ್ದರೆ ಹೆಂಡತಿಯೋ ತಾಯಿಯೋ ಅವನಿಲ್ಲದೆಯೇ ಮೊದಲು ಆಪ್ತಸಮಾಲೋಚಕರನ್ನು ಕಾಣಬಹುದು, ಆ ಹಾಳೆಯನ್ನೂ ಒಯ್ಯಬಹುದು.