ಅಕ್ಷರವೂ ಅಂಕೆಯೂ: ಗಣಕಮುದ್ರಕದ ಸಂಕೇತವಿಚಾರ

ಅಕ್ಷರವೆಂದರೆ ಕ್ಷಯವಿಲ್ಲದುದು ಎಂದು ಶಾಬ್ದಿಕರು ವ್ಯುತ್ಪತ್ತಿ ಹೇಳುವರು. ಗಣಕಯಂತ್ರದ ಲೋಕದಲ್ಲಿ ಈ ಮಾತಿಗೆ ಒಂದು ನಿಬಂಧನೆಯನ್ನು ಸೇರಿಸಬೇಕಾಗುತ್ತದೆ. ಅಲ್ಲಿ ಅಕ್ಷರವು ಅಂಕೆಯ ರೂಪದಲ್ಲಿ ಸಂಚರಿಸುತ್ತದೆ. ಕಳುಹಿಸುವ ಗಣಕವೂ ಸ್ವೀಕರಿಸುವ ಮುದ್ರಕವೂ ಆ ಅಂಕೆಗೆ ಒಂದೇ ಅರ್ಥವನ್ನು ಹಿಡಿದಿರುವವರೆಗೆ ಮಾತ್ರ ಅದು ಅಕ್ಷರವಾಗಿ ಉಳಿಯುತ್ತದೆ. ಈ ಒಡಂಬಡಿಕೆ ತಪ್ಪಿದೊಡನೆ ಕಾಗದದ ಮೇಲೆ ಮೂಡುವುದು ಅರ್ಥವಿಲ್ಲದ ಗೀರುಗಳು.

ಇದು ಯಂತ್ರಶಾಸ್ತ್ರಜ್ಞರಿಗೆ ಮಾತ್ರ ಸೇರಿದ ವಿಚಾರವೆಂದು ಭಾವಿಸಲಾಗದು. 2000ದ ದಶಕದ ಆರಂಭದಲ್ಲಿ ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆಯು ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಗಣಕಕ್ಕೆ ಏರಿಸಿತು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ತಾಲ್ಲೂಕು ಕಚೇರಿಗಳಲ್ಲಿಯೂ ಕೈಬರಹದ ಪಹಣಿಯ ಸ್ಥಾನಕ್ಕೆ ಮುದ್ರಿತ ಪಹಣಿ ಬಂದಿತು. ರೈತನು 15 ರೂಪಾಯಿ ತೆತ್ತು ಅದನ್ನು ಪಡೆಯತೊಡಗಿದನು. ಆ ಹಾಳೆಯಲ್ಲಿ ‘ಮಲ್ಲಪ್ಪ’ ಎಂಬ ಹೆಸರಿನ ಒತ್ತುಗಳು ಜಾರಿ ‘ಮಲಪ’ ಎಂದು ಮುದ್ರಿತವಾದರೆ, ಸಾಲ ಕೊಡುವ ಬ್ಯಾಂಕು ಈತನೇ ಆತನೆಂದು ನಂಬುವುದೆಂತು? ಆದುದರಿಂದ ಮುದ್ರಕವು ಅಂಕೆಗಳನ್ನು ಓದುವ ಬಗೆಯನ್ನು ವಿದ್ಯಾವಂತರೆಲ್ಲರೂ ಸ್ಥೂಲವಾಗಿಯಾದರೂ ಅರಿತಿರುವುದು ಲೇಸು.

1963ರಲ್ಲಿ ಅಮೆರಿಕದಲ್ಲಿ ‘ಆಸ್ಕಿ’ ಎಂಬ ಸಂಕೇತಪದ್ಧತಿ ರೂಪುಗೊಂಡಿತು. ಅದರಲ್ಲಿ 0ಯಿಂದ 127ರವರೆಗೆ 128 ಅಂಕೆಗಳಿವೆ. ರೋಮನ್ ಲಿಪಿಯ ದೊಡ್ಡ ‘ಎ’ ಅಕ್ಷರಕ್ಕೆ 65, ‘ಬಿ’ಗೆ 66 ಎಂದು ಕ್ರಮ. ಆದರೆ 0ಯಿಂದ 31ರವರೆಗಿನ ಅಂಕೆಗಳಿಗೂ 127ಕ್ಕೂ ಯಾವ ರೂಪವೂ ಇಲ್ಲ, ಅವು ಆಜ್ಞೆಗಳು. 13 ಬಂದರೆ ಮುದ್ರಕದ ತಲೆಯು ಸಾಲಿನ ಆರಂಭಕ್ಕೆ ಮರಳುತ್ತದೆ. 10 ಬಂದರೆ ಕಾಗದವು ಒಂದು ಸಾಲು ಮೇಲೇರುತ್ತದೆ. 12 ಬಂದರೆ ಹೊಸ ಪುಟ. 7 ಬಂದರೆ ಗಂಟೆಯ ಸದ್ದು. ಬೆರಳಚ್ಚು ಯಂತ್ರದಲ್ಲಿ ಒಂದೇ ಹಿಡಿಕೆಯನ್ನು ತಳ್ಳಿ ಮಾಡುತ್ತಿದ್ದ ಎರಡು ಕೆಲಸಗಳು ಇಲ್ಲಿ 13 ಮತ್ತು 10 ಎಂದು ಬೇರೆಬೇರೆಯಾದವು. ಎರಡನೆಯದನ್ನು ಕಳುಹಿಸಲು ಮರೆತರೆ ಸಾಲಿನ ಮೇಲೆಯೇ ಸಾಲು ಬಿದ್ದು ಎರಡೂ ಕೆಡುತ್ತವೆ.

ಕನ್ನಡದ ‘ಅಂಕೆ’ ಎಂಬ ಶಬ್ದಕ್ಕೆ ಸಂಖ್ಯೆಯೆಂಬ ಅರ್ಥವೂ ಹತೋಟಿಯೆಂಬ ಅರ್ಥವೂ ಇರುವುದು ಈ ಸಂದರ್ಭಕ್ಕೆ ಬಹು ಒಪ್ಪುವಂತಿದೆ. ಉಚ್ಚಾರಣೆಯಲ್ಲಿ ಉಳಿಯದೆ ಕಾರ್ಯವನ್ನು ಮಾತ್ರ ಮಾಡಿಸುವ ಚಿಹ್ನೆಗಳು ನಮ್ಮ ಶಾಸ್ತ್ರಕ್ಕೂ ಹೊಸತಲ್ಲ. ಪಾಣಿನೀಯ ವ್ಯಾಕರಣದ 14 ಮಾಹೇಶ್ವರ ಸೂತ್ರಗಳಲ್ಲಿ ಪ್ರತಿಯೊಂದರ ಕೊನೆಯ ವ್ಯಂಜನಕ್ಕೆ ‘ಇತ್’ ಎಂಬ ಸಂಜ್ಞೆಯುಂಟು. ಅದು ಪ್ರತ್ಯಾಹಾರಗಳನ್ನು ಕಟ್ಟಲು ನೆರವಾಗಿ, ಬಳಿಕ ಲೋಪ ಹೊಂದುತ್ತದೆ. ಮುದ್ರಕದ ಆಜ್ಞಾಸಂಕೇತವೂ ಹಾಗೆಯೇ: ಕೆಲಸ ಮಾಡಿಸುತ್ತದೆ, ಕಾಗದದ ಮೇಲೆ ಕಾಣಿಸಿಕೊಳ್ಳುವುದಿಲ್ಲ.

ಮುದ್ರಣದ ಅಗತ್ಯಗಳು ಹೆಚ್ಚಿದಂತೆ ಈ ಕೆಲವೇ ಆಜ್ಞೆಗಳು ಸಾಲದಾದವು. ಆಗ 27 ಎಂಬ ‘ಎಸ್ಕೇಪ್’ ಸಂಕೇತವು ಪ್ರಧಾನವಾಯಿತು. ಮುಂದೆ ಬರುವುದನ್ನು ಅಕ್ಷರವೆಂದು ಓದದೆ ಆಜ್ಞೆಯೆಂದು ಓದಬೇಕೆಂಬುದೇ ಅದರ ಸೂಚನೆ. 69 ಒಂಟಿಯಾಗಿ ಬಂದರೆ ರೋಮನ್ ಲಿಪಿಯ ದೊಡ್ಡ ‘ಇ’. ಎಪ್ಸನ್ ಪದ್ಧತಿಯ ಮುದ್ರಕಕ್ಕೆ 27ರ ಬೆನ್ನಿಗೆ 69 ಬಂದರೆ ‘ಇನ್ನು ದಪ್ಪಕ್ಷರದಲ್ಲಿ ಮುದ್ರಿಸು’ ಎಂಬ ಅಪ್ಪಣೆ. ಅದೇ ಜೋಡಿಯು ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆಯ ‘ಪಿಸಿಎಲ್’ ಪದ್ಧತಿಯ ಮುದ್ರಕಕ್ಕೆ ಹೋದರೆ ‘ಎಲ್ಲವನ್ನೂ ಮೊದಲಿನ ಸ್ಥಿತಿಗೆ ತಾ’ ಎಂಬ ಅರ್ಥವಾಗುತ್ತದೆ. ಶಬ್ದಾರ್ಥಸಂಬಂಧವು ನಿತ್ಯವೆಂದು ಮೀಮಾಂಸಕರೂ ಸಂಕೇತಜನ್ಯವೆಂದು ನೈಯಾಯಿಕರೂ ವಾದಿಸಿದರಷ್ಟೆ. ಮುದ್ರಕವಂತೂ ನಿಸ್ಸಂದೇಹವಾಗಿ ನೈಯಾಯಿಕರ ಪಕ್ಷ.

ಇನ್ನು ಕನ್ನಡದ ಮಾತು. ಆರಂಭದ ಚುಕ್ಕಿಮುದ್ರಕಗಳ ಸ್ಮೃತಿಯಲ್ಲಿದ್ದುದು ರೋಮನ್ ಅಕ್ಷರಗಳು. ಆದಕಾರಣ ಕನ್ನಡವನ್ನು ಚಿತ್ರವನ್ನಾಗಿ ಕಳುಹಿಸಬೇಕಾಗಿತ್ತು. 27, 42 ಎಂಬ ಎಪ್ಸನ್ ಆಜ್ಞೆಯನ್ನು ಕೊಟ್ಟು, ಎಷ್ಟು ಕಂಬಸಾಲುಗಳ ಚುಕ್ಕಿಗಳು ಬರಲಿವೆಯೆಂದು ಮೊದಲೇ ಲೆಕ್ಕ ಹೇಳಬೇಕು. ಎಂಟು ಸೂಜಿಗಳ ಕ್ರಮದಲ್ಲಿ 128 ಎಂದರೆ ಮೇಲಿನ ಸೂಜಿ ಮಾತ್ರ ಬಡಿಯುತ್ತದೆ. 255 ಎಂದರೆ ಎಂಟೂ ಬಡಿದು ಒಂದು ನಿಲುಗೀಟು ಮೂಡುತ್ತದೆ. ಇಲ್ಲಿ 13 ಕೂಡ ಆಜ್ಞೆಯಲ್ಲ, ಚುಕ್ಕಿಗಳ ವಿನ್ಯಾಸ. ಹೇಳಿದ ಲೆಕ್ಕಕ್ಕೂ ಕಳುಹಿಸಿದ ಚುಕ್ಕಿಗಳಿಗೂ ಹೊಂದಿಕೆ ತಪ್ಪಿದರೆ ಉಳಿದ ಚುಕ್ಕಿಗಳನ್ನು ಮುದ್ರಕವು ಅಕ್ಷರಗಳೆಂದೂ ಆಜ್ಞೆಗಳೆಂದೂ ಬಗೆದು ಹಾಳೆಯ ಮೇಲೆ ಹಾಳೆಯನ್ನು ಕೆಡಿಸುತ್ತದೆ.

ಅಕ್ಷರಕ್ಕೇ ಸ್ಥಿರವಾದ ಅಂಕೆಯನ್ನು ಕೊಡುವ ಯತ್ನಗಳು ಇದರ ಜೊತೆಯಲ್ಲಿಯೇ ನಡೆದವು. ಭಾರತೀಯ ಮಾನಕ ಸಂಸ್ಥೆಯು 1991ರಲ್ಲಿ ‘ಇಸ್ಕಿ’ಯನ್ನು ಪ್ರಕಟಿಸಿತು, ಅದೇ ವರ್ಷ ಬಂದ ಯೂನಿಕೋಡ್‌ನಲ್ಲಿಯೂ ಕನ್ನಡಕ್ಕೆ 3200ರಿಂದ 3327ರವರೆಗೆ 128 ಮನೆಗಳು ದೊರೆತವು. ಈ ಪದ್ಧತಿಯಲ್ಲಿ ‘ಹಾಸನ’ವು 3257, 3262, 3256, 3240 ಎಂಬ ನಾಲ್ಕು ಅಂಕೆಗಳು: ಹಕಾರ, ಅದರ ದೀರ್ಘ, ಸಕಾರ, ನಕಾರ. ‘ಚನ್ನರಾಯಪಟ್ಟಣ’ದಲ್ಲಿ ಕಣ್ಣಿಗೆ ಕಾಣುವ ಅಕ್ಷರಗಳು ಏಳಾದರೂ ಅಂಕೆಗಳು ಹನ್ನೆರಡು. ಅವುಗಳಲ್ಲಿ ಎರಡು ಬಾರಿ ಬರುವ 3277 ಹಲಂತಚಿಹ್ನೆ. ಅದು ಎರಡು ವ್ಯಂಜನಗಳನ್ನು ಬೆಸೆದು ತಾನು ಮರೆಯಾಗುತ್ತದೆ. ಈ ಜೋಡಣೆಯನ್ನು ಇಂದು ಬಹುಮಟ್ಟಿಗೆ ಗಣಕವೇ ಮುಗಿಸಿ, ಸಿದ್ಧವಾದ ರೂಪವನ್ನು ಮುದ್ರಕಕ್ಕೆ ಒಪ್ಪಿಸುತ್ತದೆ.

ಈ ಎರಡು ಘಟ್ಟಗಳ ನಡುವೆ ನುಡಿ, ಬರಹ ಮೊದಲಾದ ತಂತ್ರಾಂಶಗಳು ಕನ್ನಡಕ್ಕೆ ಮಾಡಿದ ಸೇವೆ ದೊಡ್ಡದು. ಆದರೆ ಅವುಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಅಂಕೆಯು ಅಕ್ಷರಕ್ಕಲ್ಲದೆ ಅಕ್ಷರದ ತುಣುಕಿನ ಆಕಾರಕ್ಕೆ ಸಲ್ಲುತ್ತಿತ್ತು. ಆ ಅಕ್ಷರವಿನ್ಯಾಸವಿಲ್ಲದ ಗಣಕದಲ್ಲಿ ಅಂತಹ ಕಡತವನ್ನು ತೆರೆದರೆ ಕನ್ನಡದ ಬದಲು ರೋಮನ್ ಚಿಹ್ನೆಗಳ ರಾಶಿ ಕಾಣುತ್ತದೆ. ಶಾಲೆಗಳ ವರದಿಗಳು, ಸಂಘಸಂಸ್ಥೆಗಳ ನಡಾವಳಿಗಳು, ದಾನಿಗಳ ಹೆಸರಿನ ಪಟ್ಟಿಗಳು ಇಂತಹ ಕಡತಗಳಲ್ಲಿದ್ದರೆ, ಓದಬಲ್ಲ ಗಣಕ ಇನ್ನೂ ಇರುವಾಗಲೇ ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಮೂಲದ ಮುದ್ರಿತ ಪ್ರತಿಯೊಡನೆ ಒತ್ತು-ದೀರ್ಘಗಳನ್ನು ಒಂದೊಂದಾಗಿ ತಾಳೆನೋಡಿ ಇಡತಕ್ಕದ್ದು. ತಾಳೆಯೋಲೆಯನ್ನು ಪ್ರತಿಮಾಡುತ್ತಿದ್ದ ಲಿಪಿಕಾರನ ಕೆಲಸವೇ ಇದು. ಯಂತ್ರವು ತನಗೆ ಬಂದ ಅಂಕೆಯನ್ನು ಪಾಲಿಸುತ್ತದೆ; ಅಕ್ಷರವನ್ನು ಕಾಯಬೇಕಾದವನು ಅದನ್ನು ಬಲ್ಲ ಮನುಷ್ಯನೇ.