ಗಂಟೆ ಗಂಟೆಗೂ ಸವೆಯುವ ಸರಕು

ಕಾಮರ್ಸ್ ಓದುವವರಿಗೆ ವಿಕಿರಣದ ಸುದ್ದಿ ಯಾಕೆ ಎಂದು ನಮ್ಮ ಕ್ಲಾಸಿನಲ್ಲೇ ಕೇಳಿದರು. ಆಸ್ಪತ್ರೆಯ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ಹಿರಿಯ ಭೌತವಿಜ್ಞಾನಿ ಮಾಡುವ ಕೆಲಸ ನನಗೆ ಅರ್ಥವಾದದ್ದೇ ಅಕೌಂಟೆನ್ಸಿಯಿಂದ. ಅದಕ್ಕೇ ಬರೆಯುತ್ತಿದ್ದೇನೆ.

ಎಕ್ಸ್‌ರೇಯಲ್ಲಿ ಕಿರಣ ಯಂತ್ರದಿಂದ ಹೊರಟು ದೇಹವನ್ನು ಹಾದುಹೋಗುತ್ತದೆ. ಇಲ್ಲಿ ಹಾಗಲ್ಲ. ಸ್ವಲ್ಪ ವಿಕಿರಣಶೀಲ ಔಷಧವನ್ನು ರೋಗಿಗೆ ಕೊಡುತ್ತಾರೆ, ಕಿರಣ ದೇಹದ ಒಳಗಿನಿಂದ ಬರುತ್ತದೆ, ಕ್ಯಾಮೆರಾ ಅದನ್ನು ಹಿಡಿಯುತ್ತದೆ. ಯಾರಿಗೆ ಯಾವ ಔಷಧ ಎಂದು ಹೇಳುವವರು ವೈದ್ಯರು. ಹೇಳಿದಷ್ಟೇ ಸಿರಿಂಜಿನಲ್ಲಿದೆಯೇ, ಕ್ಯಾಮೆರಾ ಸರಿಯಾಗಿ ತೋರಿಸುತ್ತಿದೆಯೇ, ಪಕ್ಕದ ಕೋಣೆಯವರು ಸುರಕ್ಷಿತವೇ ಎಂದು ನೋಡುವವರು ಭೌತವಿಜ್ಞಾನಿ.

ಈ ಸರಕನ್ನು ಗೋದಾಮಿನಲ್ಲಿ ಇಡಲಾಗದು. ಪೆಟ್ ಸ್ಕ್ಯಾನ್‌ಗೆ ಬಳಸುವ ಫ್ಲೋರಿನ್-18 ಪ್ರತಿ 110 ನಿಮಿಷಕ್ಕೆ ಅರ್ಧವಾಗುತ್ತದೆ. ಬೆಳಿಗ್ಗೆ 7ಕ್ಕೆ 100 ಇದ್ದರೆ 8.50ಕ್ಕೆ 50, 10.40ಕ್ಕೆ 25. ಸೈಕ್ಲೋಟ್ರಾನ್ ಎಂಬ ಯಂತ್ರದಲ್ಲಿ ತಯಾರಾಗಿ, ಅದಿಲ್ಲದ ಆಸ್ಪತ್ರೆಗಳಿಗೆ ಗಾಡಿಯಲ್ಲಿ ಬರಬೇಕು. ಕೋಗಿಲು ಕ್ರಾಸ್‌ನಿಂದ ಹೊರಟು ಹೆಬ್ಬಾಳ ಫ್ಲೈಓವರ್ ಮೇಲೆ ನಿಂತವರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಿಲ್ಲ. 6 ಗಂಟೆಗೆ ಅರ್ಧವಾಗುವ ಟೆಕ್ನೀಷಿಯಂಗೆ ಬೇರೆ ಉಪಾಯವಿದೆ. 66 ಗಂಟೆಗೆ ಅರ್ಧವಾಗುವ ಮಾಲಿಬ್ಡಿನಂ ತುಂಬಿದ ಜನರೇಟರ್ ತರಿಸಿಕೊಂಡು, ಅದರಿಂದ ಹುಟ್ಟುವ ಟೆಕ್ನೀಷಿಯಂ ಅನ್ನು ದಿನವೂ ತೆಗೆಯುತ್ತಾರೆ. ಆ ಜನರೇಟರನ್ನು ಅವರು 'ಹಸು' ಎಂದೂ, ತೆಗೆಯುವುದನ್ನು 'ಹಾಲು ಕರೆಯುವುದು' ಎಂದೂ ಕರೆಯುತ್ತಾರಂತೆ!

ನಾವು ಸವಕಳಿ ಹಾಕುವ ಎರಡು ಪದ್ಧತಿಗಳಲ್ಲಿ, ಉಳಿದ ಬೆಲೆಯ ಮೇಲೆ ಹಾಕುವುದೇ ಇದು. ವರ್ಷದ ಬದಲು ನಿಮಿಷ, ಅಷ್ಟೇ. ಲೆಕ್ಕ ಪೂರ್ತಿ ಸೊನ್ನೆಗೆ ಬರುವುದಿಲ್ಲ. ಬಂದದ್ದೆಷ್ಟು, ಕೊಟ್ಟದ್ದೆಷ್ಟು, ಸವೆದದ್ದೆಷ್ಟು, ಕಸಕ್ಕೆ ಹೋದದ್ದೆಷ್ಟು, ಎಲ್ಲ ಪುಸ್ತಕದಲ್ಲಿ ತಾಳೆಯಾಗಬೇಕು. ಮುಂಬೈಯಲ್ಲಿರುವ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಗೆ (1983ರಲ್ಲಿ ಶುರುವಾದದ್ದು) ಉತ್ತರ ಕೊಡಬೇಕಾದ ಲೆಕ್ಕ ಇದು. ಸಿಬ್ಬಂದಿಯ ಎದೆಯ ಮೇಲಿನ ಬ್ಯಾಡ್ಜ್ ಅವರಿಗೆ ತಗುಲಿದ ವಿಕಿರಣವನ್ನು ದಾಖಲಿಸುತ್ತದೆ. ಐದು ವರ್ಷದ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್ ಮೀರಬಾರದು, ಯಾವ ಒಂದು ವರ್ಷದಲ್ಲೂ 30 ದಾಟಬಾರದು. ಸಾರ್ವಜನಿಕರಿಗೆ ಮಿತಿ 1.

ನನಗೆ ಇದೆಲ್ಲ ಗೊತ್ತಾದದ್ದು ಖಾಲಾ ಅವರಿಂದ. ಥೈರಾಯ್ಡ್ ಕ್ಯಾನ್ಸರ್ ಆಪರೇಷನ್ ಆದ ಮೇಲೆ ಅವರಿಗೆ ಅಯೋಡಿನ್-131 ಕೊಟ್ಟರು. ಒಂಟಿ ಕೋಣೆ, ಬಾಗಿಲಾಚೆ ನಾವು. ಆ ಕೋಣೆಯ ಶೌಚಾಲಯದ ನೀರು ಕೂಡ ನೇರ ಚರಂಡಿಗೆ ಹೋಗುವುದಿಲ್ಲ, ಬೇರೆ ತೊಟ್ಟಿಯಲ್ಲಿ ಸವೆಯಲು ಕಾಯುತ್ತದೆ. ಅಲ್ಲಿನ ಹಿರಿಯ ಭೌತವಿಜ್ಞಾನಿ ಮೇಡಂ, 'ಇದರ ಅರ್ಧಾಯು ಎಂಟು ದಿನ' ಎಂದಾಗ ಖಾಲಾ ತಮ್ಮ ಆಯಸ್ಸೇ ಅರ್ಧವಾಯಿತೆಂದು ಅಳತೊಡಗಿದರು. ಆಯಸ್ಸು ಔಷಧದ್ದು, ನಿಮ್ಮದಲ್ಲ ಎಂದು ನಾನು ಉರ್ದುವಿನಲ್ಲಿ ಬಿಡಿಸಿ ಹೇಳಿದೆ. ಮೇಡಂ ನಗಲಿಲ್ಲ, ಕುರ್ಚಿ ಎಳೆದುಕೊಂಡು ಕುಳಿತು ಕಾಗದದ ಮೇಲೆ ಲೆಕ್ಕ ಬರೆದು ತೋರಿಸಿದರು: 80 ದಿನಕ್ಕೆ ಸಾವಿರದಲ್ಲಿ ಒಂದು ಪಾಲೂ ಉಳಿಯದು. ದೇಹದಿಂದ ಮೂತ್ರದಲ್ಲೂ ಹೋಗುವುದರಿಂದ ಇನ್ನೂ ಬೇಗ.

ಮನೆಗೆ ಕಳಿಸುವ ಮುಂಚೆ ಮೀಟರ್ ಹಿಡಿದು ಅಳೆದರು. ಬೇರೆ ಮಲಗಬೇಕು, ಬೇರೆ ಟವೆಲ್, ಮಕ್ಕಳಿಂದ ಮತ್ತು ಗರ್ಭಿಣಿಯರಿಂದ ದೂರ. ಎಲ್ಲಿಯವರೆಗೆ ಎಂದು ತಾರೀಖು ಬರೆದುಕೊಟ್ಟರು. ಅಮ್ಮಿ ಆ ಚೀಟಿಯನ್ನು ಫ್ರಿಜ್ ಮೇಲೆ ಅಂಟಿಸಿದರು. ಆ ದಿನ ಸಂಜೆಯೇ ಖಾಲಾ ಎರಡು ವರ್ಷದ ಮೊಮ್ಮಗಳನ್ನು ಎತ್ತಿಕೊಂಡರು. ಅಕ್ಕಪಕ್ಕದ ಕೆಲವರು ಮಾತ್ರ ಆಮೇಲೂ ಎರಡು ತಿಂಗಳು ನಮ್ಮ ಮನೆಯ ಚಹಾ ಕುಡಿಯಲಿಲ್ಲ. ಅವರಿಗೆ ಯಾರೂ ಕಾಗದದ ಮೇಲೆ ಬರೆದು ತೋರಿಸಿರಲಿಲ್ಲ.

ನಮ್ಮ ಕಾಂಬಿನೇಷನ್‌ನಿಂದ ಈ ಕೆಲಸಕ್ಕೆ ದಾರಿಯಿಲ್ಲ. ಫಿಸಿಕ್ಸ್ ಇರುವ ಗೆಳೆಯರಿಗಿದೆ: ವಿಜ್ಞಾನ ಪದವಿ, ನಂತರ ನ್ಯೂಕ್ಲಿಯರ್ ಮೆಡಿಸಿನ್ ಅಥವಾ ಮೆಡಿಕಲ್ ಫಿಸಿಕ್ಸ್‌ನಲ್ಲಿ ಉನ್ನತ ಓದು. ಆಸ್ಪತ್ರೆಯ ವಿಕಿರಣ ಸುರಕ್ಷತಾ ಅಧಿಕಾರಿಯಾಗಲು ಅದರ ಮೇಲೆ ಇನ್ನೊಂದು ಪರೀಕ್ಷೆ, ಮಂಡಳಿಯ ಒಪ್ಪಿಗೆ. ಸವಕಳಿ ಲೆಕ್ಕ ಬೇಕಾದರೆ ನಾವು ಹೇಳಿಕೊಡುತ್ತೇವೆ.